ಕುಂದುಗಳೇ ತುಂಬಿದ ಹಾರರ್ ಗೇಮ್‌ನ ‘ಸುಧಾರಿತ’ ಆವೃತ್ತಿಗೆ ಜನ ಯಾಕೆ ಕಾಯುತ್ತಾರೆ?

ಕಾಡಿನ ದಾರಿಯಲ್ಲಿ ಅಳಿಲೊಂದು ಮಂಗನ ದನಿಯಲ್ಲಿ ಕಿಚಗುಟ್ಟುತ್ತದೆ. ಕೊಲೆಯ ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ, ಕಣ್ಣಿಗೆ ಕಾಣದ ‘ಝ್ಯಾಕ್’ ಎಂಬ ಗೆಳೆಯನ ಜೊತೆ ಕಾರಿನಲ್ಲಿ ಕೂತು ಹಳೆಯ ಸಿನಿಮಾಗಳ ಬಗ್ಗೆ ಹರಟುತ್ತಾನೆ. ಬಟ್ಟೆ ಬದಲಿಸದೆ ಓಡಾಡಿದರೆ ಅವನ ಸುತ್ತ ನೊಣ ಮುತ್ತುತ್ತವೆ, ಕ್ಷೌರ ಮಾಡಿಸದಿದ್ದರೆ ಗಡ್ಡ ಬೆಳೆಯುತ್ತದೆ. ಗಂಭೀರವಾದ ಮಾತುಕತೆ ನಡೆಯುವಾಗ ಹಿಂದೆ ಯಾರೋ ಖುಷಿಯಾಗಿ ಶಿಳ್ಳೆ ಹೊಡೆದಂಥ ಸಂಗೀತ ಶುರುವಾಗುತ್ತದೆ.

ಇದು 2010ರಲ್ಲಿ ಬಂದ ‘ಡೆಡ್ಲಿ ಪ್ರೆಮೊನಿಷನ್’ ಎಂಬ ಹಾರರ್ ಗೇಮ್. ಜಪಾನಿನ ಒಸಾಕಾದ ಆಕ್ಸೆಸ್ ಗೇಮ್ಸ್ ಇದನ್ನು ತಯಾರಿಸಿತು. ನಿರ್ದೇಶಕ ಹಿಡೆಟಾಕಾ ಸುಎಹಿರೊ, ಅಭಿಮಾನಿಗಳ ಬಾಯಲ್ಲಿ ‘ಸ್ವೆರಿ’. ಗೇಮ್‌ಗಳನ್ನು ವಿಮರ್ಶಿಸುವ ದೊಡ್ಡ ತಾಣವಾದ ಐಜಿಎನ್ ಇದಕ್ಕೆ 10ರಲ್ಲಿ 2 ಅಂಕ ಕೊಟ್ಟಿತು. ಇನ್ನೊಂದು ತಾಣ ಡಿಸ್ಟ್ರಕ್ಟಾಯ್ಡ್ 10ಕ್ಕೆ 10 ಕೊಟ್ಟಿತು. ವಿಮರ್ಶಕರನ್ನು ಅತಿ ಹೆಚ್ಚು ಇಬ್ಭಾಗ ಮಾಡಿದ ಸರ್ವೈವಲ್ ಹಾರರ್ ಗೇಮ್ ಎಂದು ಗಿನ್ನೆಸ್ ದಾಖಲೆಯಲ್ಲೂ ಇದರ ಹೆಸರು ಸೇರಿತು.

ಇಂಥ ಗೇಮನ್ನು ತಿದ್ದಿ ಮತ್ತೆ ಬಿಡುಗಡೆ ಮಾಡುತ್ತೇವೆ ಎಂದಾಗ ಅಭಿಮಾನಿಗಳು ಸಂಭ್ರಮದಿಂದ ಕಾದರು. ಜೊತೆಗೆ ಅವರಿಗೆ ಭಯವೂ ಇತ್ತು. ಕುಂದುಗಳ ಜೊತೆಗೆ ಗೇಮ್‌ನ ಜೀವವನ್ನೂ ತೆಗೆದುಬಿಟ್ಟರೆ? ಈ ಭಯದಲ್ಲಿ ಅರ್ಥವಿದೆಯೇ? ಒಂದೊಂದಾಗಿ ನೋಡೋಣ.

ಕೆಟ್ಟದ್ದನ್ನು ಪದೇ ಪದೇ ನೋಡಿದರೆ ಇಷ್ಟವಾಗಿಬಿಡುತ್ತದೆಯೇ?

ಹೀಗೊಂದು ನಂಬಿಕೆ ಇದೆ, ಅದರ ಹಿಂದೆ ಸ್ವಲ್ಪ ವಿಜ್ಞಾನವೂ ಇದೆ. ಪರಿಚಯ ಹೆಚ್ಚಿದಂತೆ ಒಲವೂ ಹೆಚ್ಚುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಾಂಕ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಹಾಗಾದರೆ ಗಂಟೆಗಟ್ಟಲೆ ಆಡಿದವರಿಗೆ ಎಂಥ ಗೇಮ್ ಆದರೂ ಹಿಡಿಸಿಬಿಡಬೇಕಲ್ಲ?

ಅಷ್ಟು ಸರಳವಾಗಿಲ್ಲ. ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತರಗತಿಯಲ್ಲಿ ಮತ್ತೆ ಮತ್ತೆ ತೋರಿಸಲಾಯಿತು. ಒಬ್ಬರು 19ನೇ ಶತಮಾನದ ಜಾನ್ ಎವರೆಟ್ ಮಿಲೈ. ಇನ್ನೊಬ್ಬರು ವಿಮರ್ಶಕರು ಮೂಗು ಮುರಿಯುವ, ಆದರೆ ಮಾರುಕಟ್ಟೆಯಲ್ಲಿ ಭಾರೀ ಜನಪ್ರಿಯರಾದ ತಾಮಸ್ ಕಿಂಕೇಡ್. ಕಿಂಕೇಡ್ ಚಿತ್ರಗಳನ್ನು ಹೆಚ್ಚು ಸಲ ನೋಡಿದಷ್ಟೂ ವಿದ್ಯಾರ್ಥಿಗಳ ಮೆಚ್ಚುಗೆ ಕಡಿಮೆಯಾಯಿತು. ಅಂದರೆ ಬರಿಯ ಪರಿಚಯ ಸಾಲದು. ಮತ್ತೆ ಮತ್ತೆ ನೋಡಿದಾಗ ಕೈಗೆ ಸಿಗುವಂಥದ್ದು ಏನಾದರೂ ಒಳಗಿರಬೇಕು.

ಈ ಗೇಮ್‌ನ ಒಳಗೆ ಅದು ಇತ್ತು. ಗ್ರೀನ್‌ವೇಲ್ ಎಂಬ ಅದರ ಕಾಲ್ಪನಿಕ ಊರಿನಲ್ಲಿ ಪ್ರತಿಯೊಬ್ಬರಿಗೂ ಅವರದ್ದೇ ದಿನಚರಿ. ಅಂಗಡಿಗೆ ಬಾಗಿಲು ತೆಗೆಯುವ, ಮುಚ್ಚುವ ಸಮಯ. ಹೊತ್ತು ಗೊತ್ತಿಲ್ಲದೆ ಹೋದರೆ ನಿಮಗೆ ಬೇಕಾದವರು ಮನೆಯಲ್ಲಿರುವುದಿಲ್ಲ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಅವರ ಪಾಡಿಗೆ ಅವರ ಬದುಕು ನಡೆಯುತ್ತಿರುತ್ತದೆ. ಚಿತ್ರಗಳು ಒರಟು, ಕಾರು ಓಡಿಸುವುದು ಕಷ್ಟ, ನಕ್ಷೆಯಂತೂ ತಲೆನೋವು. ಆದರೂ ಊರು ಮಾತ್ರ ಊರಿನಂತೆಯೇ ಇತ್ತು.

ಕಷ್ಟಪಟ್ಟದ್ದಕ್ಕೇ ಪ್ರೀತಿ ಹುಟ್ಟುತ್ತದೆಯೇ?

ಒಂದಿಷ್ಟು ಮಟ್ಟಿಗೆ ಹೌದು. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಒಂದು ಪ್ರಸಿದ್ಧ ಪ್ರಯೋಗ ಮಾಡಿದರು. ಚರ್ಚಾ ಗುಂಪೊಂದಕ್ಕೆ ಸೇರಬೇಕಾದರೆ ಕೆಲವು ವಿದ್ಯಾರ್ಥಿನಿಯರು ತೀರಾ ಮುಜುಗರದ ಪರೀಕ್ಷೆ ದಾಟಬೇಕಿತ್ತು, ಉಳಿದವರಿಗೆ ಅದು ಸುಲಭ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ ನೀರಸ ಚರ್ಚೆ. ಮುಜುಗರಪಟ್ಟು ಒಳಗೆ ಬಂದವರೇ ಆ ಚರ್ಚೆಯನ್ನು ಹೆಚ್ಚು ಮೆಚ್ಚಿದರು. ಇಷ್ಟು ಕಷ್ಟಪಟ್ಟಿದ್ದೇನೆ, ಅದರಲ್ಲಿ ಏನೋ ಇರಲೇಬೇಕು ಎಂದು ಮನಸ್ಸು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತದೆ.

ಒಡ್ಡೊಡ್ಡಾದ ನಿಯಂತ್ರಣಗಳ ಜೊತೆ ಗುದ್ದಾಡಿ ಗೇಮ್ ಮುಗಿಸಿದವರಲ್ಲೂ ಇದು ಸ್ವಲ್ಪ ಇರಬಹುದು. ಆದರೆ ಇಡೀ ಪ್ರೀತಿಯನ್ನು ಇದೊಂದೇ ವಿವರಿಸುವುದಿಲ್ಲ. ಆಡಲು ಕಷ್ಟವಾದ ಎಷ್ಟೋ ಗೇಮ್‌ಗಳನ್ನು ಜನ ಮರೆತೇ ಬಿಟ್ಟಿದ್ದಾರೆ.

ಈ ಗೇಮ್ ನೆನಪಿನಲ್ಲಿ ಉಳಿಯಲು ಸ್ವೆರಿ ಮಾಡಿಕೊಂಡ ಯೋಚನೆಯೂ ಕಾರಣ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅವರು ಇದನ್ನು ವಿವರಿಸಿದರು. ಆಟ ನಿಲ್ಲಿಸಿದ ಮೇಲೂ ಆಟಗಾರ ಗೇಮನ್ನು ನೆನೆಯಬೇಕೆಂದರೆ, ಅವನು ದಿನಾ ಮಾಡುವ ಕೆಲಸಗಳನ್ನೇ ಗೇಮ್ ಒಳಗೆ ಇಡಬೇಕು ಎಂಬುದು ಅವರ ಲೆಕ್ಕ. ಅದಕ್ಕೇ ನಾಯಕ ಯಾರ್ಕ್ ಕಾಫಿ ಕುಡಿಯುತ್ತಾನೆ, ಕಪ್ಪಿನೊಳಗೆ ಸುಳಿವು ಕಾಣುತ್ತಾನೆ. ಮರುದಿನ ನೀವು ಕಾಫಿ ಲೋಟ ಹಿಡಿದಾಗ ಅವನು ನೆನಪಾಗುತ್ತಾನೆ. ಪರಿಸರದಲ್ಲಿನ ಸುಳಿವೊಂದು ಹಳೆಯ ನೆನಪನ್ನು ಎಳೆದು ತರುವುದು ಮನೋವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ.

ಹೆದರಿಕೆಯಲ್ಲಿ ಎಂಥ ಸುಖ?

‘ಹಾರರ್ ಇಷ್ಟಪಡುವವರ ಮನಸ್ಸೇ ಸರಿ ಇರುವುದಿಲ್ಲ’ ಎಂಬ ಮಾತನ್ನು ನೀವೂ ಕೇಳಿರಬಹುದು. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ‘ಭೂತದ ಮನೆ’ಯೊಂದಕ್ಕೆ ಬಂದ 110 ಜನರಿಗೆ ಹೃದಯ ಬಡಿತ ಅಳೆಯುವ ಉಪಕರಣ ಕಟ್ಟಿ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಭಯ ತೀರಾ ಕಡಿಮೆಯಾದರೂ ಮಜಾ ಇಲ್ಲ, ತೀರಾ ಹೆಚ್ಚಾದರೂ ಇಲ್ಲ. ನಡುವೆ ಎಲ್ಲೋ ಒಂದು ಹದ ಇದೆ, ಸುಖ ಅಲ್ಲಿದೆ. ಕೋವಿಡ್ ಹೊತ್ತಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಾರರ್ ಸಿನಿಮಾ ಅಭಿಮಾನಿಗಳು ಉಳಿದವರಿಗಿಂತ ಕಡಿಮೆ ಮಾನಸಿಕ ತೊಳಲಾಟ ಇರುವುದಾಗಿ ಹೇಳಿಕೊಂಡಿದ್ದರು. ಹಾಗೆಂದು ಹಾರರ್ ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂದು ತೀರ್ಮಾನಿಸುವಂತಿಲ್ಲ. ಎರಡರ ನಡುವೆ ನಂಟಿದೆ ಎಂದಷ್ಟೇ ಅದು ಹೇಳುತ್ತದೆ.

ಹದದ ಈ ಮಾತನ್ನು ನಮ್ಮ ಗೇಮ್‌ಗೆ ಹಿಡಿದು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಅದರ ವಿಚಿತ್ರ ಹಾಸ್ಯ, ತಾಳ ತಪ್ಪಿದ ಸಂಗೀತ ಭಯವನ್ನು ಆಗಾಗ ಇಳಿಸುತ್ತವೆ. ಅವನ್ನು ಕುಂದು ಎಂದು ಕಿತ್ತು ಹಾಕಿದರೆ ಆ ಹದವೇ ಕೆಡಬಹುದು.

ಕಾಯುವುದರಲ್ಲೇ ಅರ್ಧ ಖುಷಿ

ಜಾರ್ಜ್ ಲೋವನ್‌ಸ್ಟೀನ್ 1987ರಲ್ಲಿ ವಿದ್ಯಾರ್ಥಿಗಳಿಗೆ ತಮಾಷೆಯ ಪ್ರಶ್ನೆಯೊಂದನ್ನು ಕೇಳಿದ್ದರು: ನಿಮ್ಮ ಮೆಚ್ಚಿನ ಸಿನಿಮಾ ತಾರೆಯ ಮುತ್ತಿಗೆ ಎಷ್ಟು ದುಡ್ಡು ಕೊಡುತ್ತೀರಿ? ಈಗಲೇ ಸಿಗುವ ಮುತ್ತಿಗಿಂತ ಮೂರು ದಿನ ಬಿಟ್ಟು ಸಿಗುವ ಮುತ್ತಿಗೆ ಅವರು ಹೆಚ್ಚು ಬೆಲೆ ಕಟ್ಟಿದರು. ಆ ಮೂರು ದಿನದ ಕನಸಿಗೂ ಬೆಲೆ ಇದೆ. ವಸ್ತುವಿಗೆ ಕಾಯುವುದಕ್ಕಿಂತ ಅನುಭವಕ್ಕೆ ಕಾಯುವುದು ಹೆಚ್ಚು ಹಿತ ಎಂದು 2014ರ ಒಂದು ಅಧ್ಯಯನವೂ ತೋರಿಸಿದೆ. ಗೇಮ್ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಮೊದಲೇ ಘೋಷಣೆ, ಆಮೇಲೆ ಟ್ರೇಲರ್, ಆಮೇಲೆ ಮುಂಗಡ ಬುಕಿಂಗ್. ಕೈಗೆ ಬರುವ ಮೊದಲೇ ಖುಷಿ ಮಾರಾಟವಾಗಿರುತ್ತದೆ. ಹಾಗಾಗಿ ಎಚ್ಚರವೂ ಬೇಕು.

ತಿದ್ದುವುದು ಅಷ್ಟು ಸುಲಭವೇ?

ಹಳೆಯ ಸಿನಿಮಾದ ಮರುಬಿಡುಗಡೆ ನಮಗೆ ಹೊಸದಲ್ಲ. 1995ರ ‘ಓಂ’ ಎಷ್ಟು ಸಲ ಚಿತ್ರಮಂದಿರಕ್ಕೆ ಮರಳಿದೆ ಎಂಬುದು ಕನ್ನಡಿಗರಿಗೆ ಗೊತ್ತೇ ಇದೆ. ಸಿನಿಮಾಕ್ಕೆ ಒಳ್ಳೆಯ ಪ್ರತಿಯೊಂದು ಇದ್ದರೆ ಸಾಕು. ಗೇಮ್ ಹಾಗಲ್ಲ. ಅದನ್ನು ಒಂದು ನಿರ್ದಿಷ್ಟ ಯಂತ್ರಕ್ಕಾಗಿ ಬರೆದಿರುತ್ತಾರೆ. ಯಂತ್ರ ಬದಲಾದರೆ ಕೋಡ್ ತಿದ್ದಬೇಕು. ತಿದ್ದಲು ಮೂಲ ಕೋಡ್ ಯಾರಾದರೂ ಜೋಪಾನವಾಗಿ ಇಟ್ಟಿರಬೇಕು.

ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಸೈಲೆಂಟ್ ಹಿಲ್’ ಉದಾಹರಣೆ. 1999ರ ಮೊದಲ ಗೇಮ್‌ನಲ್ಲಿ ಊರಿಗೆಲ್ಲ ಮಂಜು ಕವಿದಿತ್ತು. ಪ್ಲೇಸ್ಟೇಷನ್‌ಗೆ ದೂರದ ದೃಶ್ಯ ಬಿಡಿಸುವ ಶಕ್ತಿ ಇರಲಿಲ್ಲ, ಆ ಕೊರತೆಯನ್ನು ಮಂಜು ಮುಚ್ಚಿತು. ಅದೇ ಮಂಜು ಈ ಸರಣಿಯ ಗುರುತಾಯಿತು. 2012ರಲ್ಲಿ ಎರಡನೆಯ ಮತ್ತು ಮೂರನೆಯ ಗೇಮ್‌ಗಳನ್ನು ಎಚ್‌ಡಿಗೆ ತಂದಾಗ, ಕೆಲಸಕ್ಕೆ ಕೂತವರ ಕೈಗೆ ಸಿಕ್ಕಿದ್ದು ಅಂತಿಮ ಕೋಡ್ ಅಲ್ಲ, ಅದಕ್ಕೂ ಹಿಂದಿನ ಅಪೂರ್ಣ ಕೋಡ್. ಮೊದಲೇ ಸರಿಪಡಿಸಿದ್ದ ದೋಷಗಳು ಮರಳಿ ಬಂದವು, ಮಂಜು ಕೆಟ್ಟಿತು. ಚಿತ್ರ ಹೆಚ್ಚು ಸ್ಪಷ್ಟವಾಗಿತ್ತು, ಆದರೆ ಹೆದರಿಕೆ ಹೋಗಿತ್ತು.

‘ಡೆಡ್ಲಿ ಪ್ರೆಮೊನಿಷನ್: ದಿ ಡೈರೆಕ್ಟರ್ಸ್ ಕಟ್’ 2013ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂತು. ನಿಯಂತ್ರಣಗಳು ಸುಧಾರಿಸಿದ್ದವು, ಸ್ವೆರಿ ಹೊಸ ದೃಶ್ಯಗಳನ್ನು ಸೇರಿಸಿದ್ದರು. ಮೂಲ ಗೇಮ್‌ನ ಹೊಡೆದಾಟವಂತೂ ಅಮೆರಿಕದ ಮಾರುಕಟ್ಟೆಗೆಂದು ಪ್ರಕಾಶಕರ ಒತ್ತಾಯದಿಂದ ಸೇರಿಸಿದ್ದು. ಹೊಸ ಆವೃತ್ತಿಯಲ್ಲಿ ಅದು ಸುಲಭವಾಯಿತು, ಅದನ್ನು ಬಹುತೇಕರು ಸ್ವಾಗತಿಸಿದರು. ಆದರೆ ದೃಶ್ಯಗಳು ತಡವರಿಸಿ ಓಡುತ್ತಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಪಿಸಿ ಆವೃತ್ತಿ 1280 x 720 ಅಳತೆಗೇ ಸೀಮಿತವಾಗಿತ್ತು. ಬಿಡುಗಡೆಯ ಬೆನ್ನಲ್ಲೇ ಡ್ಯುರಾಂಟೆ ಎಂಬ ಹೆಸರಿನಿಂದ ಪ್ರಸಿದ್ಧರಾದ ಅಭಿಮಾನಿ ಪ್ರೋಗ್ರಾಮರ್ ‘ಡಿಪಿಫಿಕ್ಸ್’ ಎಂಬ ಸಣ್ಣ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು, ಅಳತೆಯ ಮಿತಿ ಹೋಯಿತು. ದುಡ್ಡು ಪಡೆದವರು ಮಾಡದ ಕೆಲಸವನ್ನು ದುಡ್ಡು ಕೊಟ್ಟವರೊಬ್ಬರು ಮಾಡಿದ್ದರು.

2019ರಲ್ಲಿ ನಿಂಟೆಂಡೊ ಸ್ವಿಚ್‌ಗೆ ‘ಆರಿಜಿನ್ಸ್’ ಎಂಬ ಹೆಸರಿನಲ್ಲಿ ಗೇಮ್ ಮತ್ತೆ ಬಂತು. ಅದಕ್ಕೆ ಆಧಾರ ಸುಧಾರಿತ ಆವೃತ್ತಿಯಲ್ಲ, 2010ರ ಮೂಲ. ಒಂಬತ್ತು ವರ್ಷದ ಬಳಿಕವೂ ಹಳೆಯದನ್ನೇ ಮತ್ತೆ ಬಿಡುಗಡೆ ಮಾಡಬಹುದಾಗಿತ್ತು ಅನ್ನುವುದೇ ಇಲ್ಲಿನ ಪಾಠ: ಸುಧಾರಿತ ಆವೃತ್ತಿ ಇನ್ನೊಂದು ಆವೃತ್ತಿ ಅಷ್ಟೇ, ಮೂಲದ ಬದಲಿ ಅಲ್ಲ.

ಇದು ಬರೀ ಆಟದ ವಿಷಯವೇ?

ಇಲ್ಲ. ‘ಹಳೆಯ ಗೇಮ್ ತಾನೇ, ಬೇಕಾದಾಗ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ’ ಎಂದುಕೊಂಡಿದ್ದರೆ ಅದು ತಪ್ಪು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೂ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಕಾನೂನುಬದ್ಧವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಯಂತ್ರ, ಹಳೆಯ ಡಿಸ್ಕ್ ಹುಡುಕಬೇಕು, ಇಲ್ಲವೇ ಗ್ರಂಥಾಲಯಕ್ಕೇ ಹೋಗಿ ಕೂರಬೇಕು, ಇಲ್ಲವೇ ಕಳ್ಳಪ್ರತಿ. ಗ್ರಂಥಾಲಯಗಳು ಇಂಥ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದಲೇ ಬಳಸಲು ಕೊಡಲು ಅನುಮತಿ ಕೇಳಿದ್ದವು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಅದನ್ನು ನಿರಾಕರಿಸಿತು.

ದೊಡ್ಡ ಹೆಸರಿನ ಗೇಮ್‌ಗಳನ್ನು ಕಂಪನಿಗಳು ಲಾಭಕ್ಕಾಗಿಯಾದರೂ ಉಳಿಸಿಕೊಳ್ಳುತ್ತವೆ. ಅರೆಬರೆ ಮೆಚ್ಚುಗೆ ಪಡೆದ ವಿಚಿತ್ರ ಗೇಮ್‌ಗಳಿಗೆ ಆ ಭಾಗ್ಯ ಇಲ್ಲ. ಅವುಗಳ ಅಭಿಮಾನಿಗಳಿಗೆ ಮರುಬಿಡುಗಡೆ ಅಂದರೆ ಬರೀ ಚೆಂದದ ಚಿತ್ರವಲ್ಲ, ತಮಗೆ ಪ್ರಿಯವಾದದ್ದು ಇನ್ನೊಂದು ಹತ್ತು ವರ್ಷ ಬದುಕುತ್ತದೆ ಎಂಬ ಭರವಸೆ.

ಹಾಗಾದರೆ ಏನು ನೋಡಬೇಕು?

ನಿಮ್ಮ ಮೆಚ್ಚಿನ ಹಳೆಯ ಗೇಮ್ ಸುಧಾರಿತ ರೂಪದಲ್ಲಿ ಬರುತ್ತಿದ್ದರೆ, ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ಏನನ್ನು ತಿದ್ದಿದ್ದಾರೆ? ಗೇಮ್ ನಿಂತುಹೋಗುವುದು, ಕೈಗೆ ಬಗ್ಗದ ನಿಯಂತ್ರಣ ಇವು ದೋಷ. ಅಳಿಲಿನ ದನಿ ದೋಷವೋ ಗುರುತೋ ಎಂಬುದನ್ನು ಆಡಿದವರೇ ಹೇಳಬೇಕು. ಎರಡನೆಯದು, ಮೂಲ ತಂಡದವರು ಈ ಕೆಲಸದಲ್ಲಿ ಇದ್ದಾರೆಯೇ? ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ, ಯಾವುದನ್ನು ಮುಟ್ಟಬಾರದು ಎಂದು ಹೇಳುವವರು ಒಬ್ಬರಾದರೂ ಇರುತ್ತಾರೆ. ಮೂರನೆಯದು, ಹಳೆಯ ಆವೃತ್ತಿ ಮಾರಾಟದಲ್ಲಿ ಉಳಿಯುತ್ತದೆಯೇ? 2021ರಲ್ಲಿ ರಾಕ್‌ಸ್ಟಾರ್ ಕಂಪನಿ ತನ್ನ ಮೂರು ಹಳೆಯ ‘ಜಿಟಿಎ’ ಗೇಮ್‌ಗಳ ಹೊಸ ರೂಪ ತರುವಾಗ ಹಳೆಯವನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದಿತ್ತು. ಹೊಸ ರೂಪ ದೋಷಗಳಿಂದ ತುಂಬಿತ್ತು. ಜನ ಗಲಾಟೆ ಮಾಡಿದ ಮೇಲೆ ಹಳೆಯ ಪಿಸಿ ಆವೃತ್ತಿಗಳನ್ನು ತನ್ನ ಅಂಗಡಿಯಲ್ಲಿ ಮತ್ತೆ ಇಟ್ಟಿತು.

ಮೂರನೆಯ ಪ್ರಶ್ನೆಗೆ ‘ಉಳಿಯುತ್ತದೆ’ ಎಂಬ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಕಾಯಿರಿ. ಹೊಸದು ಚೆನ್ನಾಗಿ ಬಂದರೆ ಸಂತೋಷ. ಕೆಟ್ಟು ಬಂದರೂ ಹಳೆಯ ಊರು, ಹಳೆಯ ಕಾಫಿ, ಮಂಗನಂತೆ ಕಿಚಗುಟ್ಟುವ ಆ ಅಳಿಲು ಇದ್ದಲ್ಲೇ ಇರುತ್ತವೆ.