ಹಸಿರು ದೀಪದ ಸಾಲು

ವಿಮಾನ ಆಕಾಶದಲ್ಲಿ ದಾರಿ ತಪ್ಪಿದರೆ ಜನ ಅಯ್ಯೋ ಅನ್ನುತ್ತಾರೆ. ನೆಲದ ಮೇಲೆ ತಪ್ಪಿತೆಂದರೆ ನಗುತ್ತಾರೆ. "ಅಷ್ಟು ಸಂಬಳ ತಗೊಳ್ಳೋನಿಗೆ ರನ್‌ವೇ ಯಾವುದು ಅಂತ ಗೊತ್ತಾಗೋದಿಲ್ವೇ ಮೇಡಂ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕೇಳಿದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

2000ದ ಅಕ್ಟೋಬರ್ 31. ರಾತ್ರಿ ಹನ್ನೊಂದು ದಾಟಿತ್ತು. ತೈವಾನಿನ ತೈಪೆ ನಿಲ್ದಾಣದಲ್ಲಿ ಚಂಡಮಾರುತದ ಮಳೆ. ಲಾಸ್ ಏಂಜಲೀಸಿಗೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸಿನ ಜಂಬೋ ವಿಮಾನದಲ್ಲಿ 179 ಜನ. ಅದು ಹಿಡಿಯಬೇಕಾಗಿದ್ದುದು '05 ಎಡ' ಎಂಬ ರನ್‌ವೇ. ಪಕ್ಕದ '05 ಬಲ' ದುರಸ್ತಿಗೆಂದು ಮುಚ್ಚಿತ್ತು. ಅದರ ಮೇಲೆ ಕಾಂಕ್ರೀಟಿನ ತಡೆಗಳು, ಅಗೆಯುವ ಯಂತ್ರಗಳು. ವಿಮಾನ ಬಲದ್ದಕ್ಕೇ ತಿರುಗಿತು, ಓಡಿತು, ಬಡಿದು ಉರಿಯಿತು. 83 ಜನ ಸತ್ತರು.

ಕಾಕ್‌ಪಿಟ್ಟಿನ ಮೂವರದು ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಆ ರನ್‌ವೇ ಮುಚ್ಚಿದೆಯೆಂಬ ಸೂಚನೆ ಅವರ ಕೈಯಲ್ಲಿತ್ತು. ಆದರೆ ಕತ್ತಲಲ್ಲಿ ಪೈಲಟ್ಟಿಗೆ ದಾರಿ ತೋರುವುದು ನೆಲದಲ್ಲಿ ಹುಗಿದ ಹಸಿರು ದೀಪಗಳ ಸಾಲು. ಮುಚ್ಚಿದ ರನ್‌ವೇಗೆ ತಿರುಗುವ ಸಾಲಿನಲ್ಲಿ ದೀಪಗಳು ಒತ್ತೊತ್ತಾಗಿದ್ದವು. ಸರಿಯಾದ ರನ್‌ವೇಗೆ ಹೋಗುವ ಸಾಲಿನಲ್ಲಿ ದೂರದೂರ. ಆಮೇಲೆ ಪರೀಕ್ಷಿಸಿದಾಗ ಅದರಲ್ಲೂ ಒಂದು ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ಮುಚ್ಚಿದ ರನ್‌ವೇಯ ಬಾಯಿಗೆ ಒಂದು ಅಡ್ಡಗಂಬವೂ ಇರಲಿಲ್ಲ. ಟವರಿನವರಿಗೆ ಮಳೆಯಲ್ಲಿ ವಿಮಾನ ಕಾಣುತ್ತಿರಲಿಲ್ಲ. ನೆಲದ ಮೇಲಿನ ಓಡಾಟ ತೋರಿಸುವ ರಾಡಾರು ಆ ನಿಲ್ದಾಣಕ್ಕಿರಲಿಲ್ಲ. ನಮ್ಮೂರಲ್ಲಿ ಮೋರಿ ಅಗೆದರೂ ಎರಡು ಡ್ರಮ್ಮು, ಒಂದು ಕೆಂಪು ಬಟ್ಟೆ ಇಡುತ್ತಾರಲ್ಲ!

2002ರಲ್ಲಿ ಬಂದ ತೈವಾನಿನ ವರದಿ ಪೈಲಟ್ಟುಗಳ ತಪ್ಪನ್ನು ಕಾರಣಗಳ ಪಟ್ಟಿಗೆ ಸೇರಿಸಿತು. ದೀಪ, ಅಡ್ಡಗಟ್ಟೆಗಳ ಕೊರತೆಯನ್ನು 'ಅಪಾಯದ ಅಂಶ'ಗಳೆಂದು ಬೇರೆ ಪಟ್ಟಿಗೆ ತಳ್ಳಿತು. ಸಿಂಗಪುರದವರು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಕೊನೆಗೆ ಕೈಯಿಟ್ಟವನೊಬ್ಬನೇ ತಪ್ಪಿತಸ್ಥ ಎಂದರೆ ದೀಪ ನೋಡಿಕೊಳ್ಳುವವನಿಗೆ ಯಾವ ಭಯ? 2006ರ ಆಗಸ್ಟ್ 27ರಂದು ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ, ಬೆಳಕು ಹರಿಯುವ ಮೊದಲು, ಮತ್ತೊಂದು ವಿಮಾನ 7,003 ಅಡಿಯ ರನ್‌ವೇ ಬಿಟ್ಟು 3,500 ಅಡಿಯದನ್ನು ಹಿಡಿಯಿತು. 49 ಜನ ಹೋದರು. ಅಲ್ಲೂ ದುರಸ್ತಿಯಿಂದ ದಾರಿ ಬದಲಾಗಿತ್ತು, ಪೈಲಟ್ಟುಗಳ ನಕ್ಷೆ ಬದಲಾಗಿರಲಿಲ್ಲ, ಟವರಿನಲ್ಲಿದ್ದವನು ಒಬ್ಬನೇ.

ಇಷ್ಟು ಕೋಪ ನನಗೇಕೆ ಎಂದರೆ, ಒಮ್ಮೆ ಪರೀಕ್ಷೆಯ ದಿನ ಒಬ್ಬಳು ಹುಡುಗಿ ಬೇರೆ ಕೋಣೆಯಲ್ಲಿ ಕೂತುಬಿಟ್ಟಳು. ಇಪ್ಪತ್ತು ನಿಮಿಷ ಹೋಯಿತು. "ಕಣ್ಣು ಕಾಣಲ್ವಾ?" ಎಂದು ಎಲ್ಲರ ಮುಂದೆ ಗದರಿದವಳು ನಾನೇ. ಸಂಜೆ ಹೋಗಿ ನೋಡಿದರೆ ಸುಣ್ಣ ಬಳಿದವರು ಬಾಗಿಲ ಮೇಲಿನ ನಂಬರನ್ನೂ ಸೇರಿಸಿ ಬಳಿದಿದ್ದರು. ಮರುದಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಹುಡುಗಿಗೆ ಮಾತ್ರ ಏನೂ ಹೇಳಲಿಲ್ಲ.