ಹಸಿರು ಟಿಕ್ ಮಾರ್ಕು ಮತ್ತು ಮಾವನ ಸಾಲದ ಪುಸ್ತಕ

ಸೋಮವಾರ ಬೆಳಗ್ಗೆ ಲಿಂಕ್ಡ್‌ಇನ್ ತೆರೆದರೆ ಒಬ್ಬನಾದರೂ ಸಿಗ್ತಾನೆ. "ಶನಿವಾರ ಐಡಿಯಾ ಹೊಳೀತು, ಭಾನುವಾರ ಸಂಜೆಗೆ ಆಪ್ ರೆಡಿ. ಒಂದೇ ಒಂದು ಸಾಲು ಕೋಡ್ ನಾನು ಬರೆದಿಲ್ಲ. ಪ್ರೊಡಕ್ಷನ್ ರೆಡಿ!" ಕೆಳಗೆ ಚಪ್ಪಾಳೆಯ ಸಾಲು. ನನಗೆ ಹೊಟ್ಟೆಕಿಚ್ಚು ಅಂದ್ಕೋಬೇಡಿ. ಹೋದ ವರ್ಷ ಇದೇ ಪೋಸ್ಟ್ ಹಾಕಿ ಚಪ್ಪಾಳೆ ತಗೊಂಡವನು ನಾನೂ.

ಅರಸೀಕೆರೆಯಲ್ಲಿ ನನ್ನ ಸೋದರಮಾವನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಪೇಂಟು. ಎರಡು ಕೌಂಟರು, ಎರಡು ಹಳೇ ಕಂಪ್ಯೂಟರು. ಅರ್ಧ ವ್ಯಾಪಾರ ಸಾಲದ ಮೇಲೇ ನಡೆಯೋದು. ಕೊಬ್ಬರಿ ಮಾರಿದ ಮೇಲೆ ಬಂದು ತೀರಿಸ್ತಾರೆ. ಅದಕ್ಕೊಂದು ಡೆಸ್ಕ್‌ಟಾಪ್ ಆಪ್ ಬೇಕಿತ್ತು. ಎಲೆಕ್ಟ್ರಾನ್, ಎಸ್‌ಕ್ಯುಲೈಟ್ ಅಂತ ಎಐ ಸಹಾಯಕನಿಗೆ ಹೇಳಿದೆ. ಎರಡು ದಿನದಲ್ಲಿ ಬಿಲ್ಲು, ಸ್ಟಾಕು, ಸಾಲದ ಲೆಕ್ಕ ಎಲ್ಲ ಮುಗೀತು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ತೋರಿಸುವ ಬಿಲ್ಲಿನ ಪ್ರಿಂಟಂತೂ ನಾನಾಗಿದ್ದರೆ ವಾರ ತಿಣುಕುತ್ತಿದ್ದೆ. ಇದನ್ನು ಸುಳ್ಳು ಅನ್ನಲಾರೆ.

ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ನೀಲಿ ಪರದೆ ತೋರಿಸಿ ತಡೀತು. ನಾನು ಆಪ್‌ಗೆ ಕೋಡ್ ಸೈನಿಂಗ್ ಮಾಡಿಸಿರಲಿಲ್ಲ. 2023ರ ಜೂನ್‌ನಿಂದ ಅದರ ಕೀಲಿಯನ್ನು ಹಾರ್ಡ್‌ವೇರ್ ಸಾಧನದಲ್ಲೇ ಇಡಬೇಕೆಂಬ ನಿಯಮವಿದೆ, ದುಡ್ಡಿನ ಬಾಬ್ತು. "ಪರವಾಗಿಲ್ಲ ಮಾವ, ರನ್ ಎನಿವೇ ಒತ್ತಿ" ಅಂದೆ. ಎಚ್ಚರಿಕೆ ಬಂದರೂ ಒತ್ತಬಹುದು ಅಂತ ಅರವತ್ತು ದಾಟಿದ ಮನುಷ್ಯನಿಗೆ ಕಲಿಸಿಕೊಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತೆ.

ಎರಡು ಕೌಂಟರಿಗೂ ಒಂದೇ ಲೆಕ್ಕ ಬೇಕಲ್ಲ, ಡೇಟಾಬೇಸ್ ಫೈಲನ್ನು ಶೇರ್ಡ್ ಫೋಲ್ಡರಿನಲ್ಲಿಟ್ಟೆ. ಸ್ವಲ್ಪ ದಿನಕ್ಕೆ ನಿಧಾನ ಆಯ್ತು. "ವೇಗ ಮಾಡು" ಅಂದೆ. ಅದು ವಾಲ್ ಮೋಡ್ ಹಾಕಿತು. ವಾಲ್ ಅಂದರೆ ಹೊಸ ನಮೂದುಗಳು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲಿಗೆ ಸೇರುವ ಏರ್ಪಾಡು. ಇದಕ್ಕೆ ಎಲ್ಲ ಪ್ರೋಗ್ರಾಮುಗಳೂ ಒಂದೇ ಕಂಪ್ಯೂಟರಿನಲ್ಲಿರಬೇಕು, ನೆಟ್‌ವರ್ಕ್ ಮೇಲೆ ನಡೆಯಲ್ಲ ಅಂತ ಎಸ್‌ಕ್ಯುಲೈಟಿನವರೇ ಬರೆದಿಟ್ಟಿದ್ದಾರೆ. ಎರಡು ಕಂಪ್ಯೂಟರಿವೆ ಅಂತ ನಾನು ಹೇಳಲಿಲ್ಲ, ಅದು ಕೇಳಲಿಲ್ಲ.

ದೀಪಾವಳಿ ಹಿಂದಿನ ವಾರ ರಾತ್ರಿ ಒಂಬತ್ತಕ್ಕೆ ಫೋನು. ಫೈಲು ಕೆಟ್ಟಿತ್ತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ತೆರೆದರೆ, ಅದು ದಿನಾ ನಕಲು ಮಾಡುತ್ತಿದ್ದುದು ಮುಖ್ಯ ಫೈಲನ್ನು ಮಾತ್ರ. ಮಾವ ಆಪನ್ನು ಮುಚ್ಚುವವರೇ ಅಲ್ಲ; ಇತ್ತೀಚಿನ ಬಿಲ್ಲುಗಳೆಲ್ಲ ಪಕ್ಕದ ಫೈಲಿನಲ್ಲಿದ್ದವು. ಇನ್ನೂ ಕೆಟ್ಟದ್ದು ಕೋಡ್ ಓದಿದಾಗ ಸಿಕ್ತು. ನಾನು ಮೊದಲ ಸಲ ಓದಿದ್ದು ಅವತ್ತೇ. ಬರೆಯುವಾಗ ಎರರ್ ಬಂದರೆ ಅದನ್ನು ಹಿಡಿದು ಸುಮ್ಮನೆ ನುಂಗಿ, "ಉಳಿಸಲಾಗಿದೆ" ಅಂತ ಹಸಿರು ಟಿಕ್ ತೋರಿಸುತ್ತಿತ್ತು.

"ಹಸಿರು ಬಂತಲ್ಲೋ... ಉಳಿಸಲಾಗಿದೆ ಅಂತ ಕನ್ನಡದಲ್ಲೇ ಬಂತಲ್ಲೋ" ಅಂದರು ಮಾವ. ಬೈದಿದ್ದರೆ ಚೆನ್ನಾಗಿತ್ತು.

ಟೆಸ್ಟ್ ಇರಲಿಲ್ವಾ ಅಂತೀರಾ? ಇದ್ದವು, ಎಲ್ಲ ಪಾಸು. ಪ್ರಶ್ನೆಪತ್ರಿಕೆ ತೆಗೆದದ್ದೂ ಅದೇ, ಉತ್ತರ ಬರೆದದ್ದೂ ಅದೇ, ಮೌಲ್ಯಮಾಪನಕ್ಕೆ ಕೂತದ್ದೂ ಅದೇ. ನಾನು ಫಲಿತಾಂಶ ನೋಡಿ ಪೇಡ ಹಂಚಿದೆ.

"ನಿನ್ನ ಪ್ರಾಂಪ್ಟ್ ಸರಿ ಇರಲಿಲ್ಲ" ಅನ್ನುವವರು ಆಫೀಸಿನಲ್ಲಿ ಬೇಕಾದಷ್ಟಿದ್ದಾರೆ. ಒಪ್ಪಿದೆ ಗುರೂ. ಆದರೆ ಸರಿಯಾದ ಪ್ರಾಂಪ್ಟ್ ಬರೆಯೋಕೆ ಎರಡು ಕಂಪ್ಯೂಟರು, ಒಂದು ಫೈಲು ಅಂದ ಕೂಡಲೇ ಎದೆ ಧಸಕ್ಕನ್ನಬೇಕು. ಆ ಧಸಕ್ಕು ಬರೋದು ಹಿಂದೆ ಒಮ್ಮೆ ಕೆಡಿಸಿ, ರಾತ್ರಿಯೆಲ್ಲ ಕೂತು ಸರಿ ಮಾಡಿದವನಿಗೆ. ಅವನನ್ನೇ "ನಿನಗಿಂತ ಇದು ಅಗ್ಗ" ಅಂತ ಮನೆಗೆ ಕಳಿಸ್ತಿದ್ದೀರಿ. ಹೊಸದಾಗಿ ಬಂದ ಹುಡುಗಿಗೆ ಕೆಡಿಸುವ ಅವಕಾಶವನ್ನೂ ಕೊಡಲ್ಲ. ಮೂರು ವಾರ ಬೇಕು ಅಂದರೆ ಮೂರು ದಿನ ಸಾಕು ಅಂತೀರಿ.

ವೈಬ್ ಕೋಡಿಂಗ್ ಅನ್ನೋ ಹೆಸರಿಟ್ಟ ಆಂಡ್ರೆ ಕಾರ್ಪಥಿಯೇ 2025ರ ಫೆಬ್ರವರಿಯಲ್ಲಿ, ವಾರಾಂತ್ಯಕ್ಕೆ ಮಾಡಿ ಬಿಸಾಡುವ ಪ್ರಾಜೆಕ್ಟಿಗೆ ಇದು ಅಡ್ಡಿಯಿಲ್ಲ ಎಂದಿದ್ದರು. ನಾವು ಬಿಸಾಡುವುದನ್ನು ಮರೆತು ವಾರಾಂತ್ಯವನ್ನಷ್ಟೇ ಹಿಡ್ಕೊಂಡೆವು. ವೆಬ್‌ಸೈಟ್ ಆದರೆ ಸರ್ವರಿನಲ್ಲಿ ಒಂದು ಕಡೆ ತಿದ್ದಿದರೆ ಎಲ್ಲರಿಗೂ ಸರಿಹೋಗುತ್ತೆ. ಡೆಸ್ಕ್‌ಟಾಪ್ ಆಪ್ ಹಾಗಲ್ಲ. ನಿಮ್ಮ ತಪ್ಪು ಇನ್ನೊಬ್ಬರ ಮೇಜಿನ ಮೇಲೆ, ಅವರ ಹಳೇ ವಿಂಡೋಸಿನಲ್ಲಿ, ಅವರ ಕರೆಂಟು ಹೋಗುವ ಹೊತ್ತಿಗೆ ಕಾದು ಕೂತಿರುತ್ತೆ. ಅಂಥದಕ್ಕೆ ಪ್ರೊಡಕ್ಷನ್ ರೆಡಿ ಅನ್ನುವ ಮೊದಲು ಒಂದೇ ಪ್ರಶ್ನೆ ಕೇಳ್ತೀನಿ: ರಾತ್ರಿ ಒಂಬತ್ತಕ್ಕೆ ಫೋನ್ ಎತ್ತೋರು ಯಾರು? ಆ ಹೆಸರು ಹೇಳೋಕಾಗದಿದ್ದರೆ ಅದು ಡೆಮೊ. ಡೆಮೊ ಅಂತಲೇ ಕರೀರಿ, ನಂದೇನೂ ತಕರಾರಿಲ್ಲ.

ಈಗಲೂ ಅದೇ ಸಹಾಯಕನ ಜೊತೆಗೇ ಆಪನ್ನು ಮತ್ತೆ ಕಟ್ಟಿದ್ದೀನಿ. ಡೇಟಾಬೇಸನ್ನು ಒಂದೇ ಕಂಪ್ಯೂಟರು ಮುಟ್ಟುತ್ತೆ, ಇನ್ನೊಂದು ಕೌಂಟರು ಅದರ ಮೂಲಕ ಕೇಳುತ್ತೆ. ಬ್ಯಾಕಪ್ಪಿಗೆ ಎಸ್‌ಕ್ಯುಲೈಟಿನದೇ ಬ್ಯಾಕಪ್ ವ್ಯವಸ್ಥೆ. ಬರೆದದ್ದನ್ನು ವಾಪಸ್ ಓದಿ ನೋಡಿದ ಮೇಲೇ ಹಸಿರು. ಬಿಲ್ ಹಾಕುತ್ತಿರುವಾಗಲೇ ಪ್ಲಗ್ ಕಿತ್ತು ಹದಿನೈದು ಸಲ ಪರೀಕ್ಷೆ ಮಾಡಿದೆ. ಎರಡು ದಿನದ ಕೆಲಸಕ್ಕೆ ಎರಡೂವರೆ ತಿಂಗಳಾಯ್ತು. ಇದರ ಪೋಸ್ಟ್ ಹಾಕಿಲ್ಲ.

ಆ ವಾರದ ಸಾಲವನ್ನು ಹೆಚ್ಚಿನವರು ತಾವೇ ನೆನಪಿಟ್ಟು ಬಂದು ಕೊಟ್ಟರು. ಇಬ್ಬರು "ಕೊಟ್ಟಾಗಿದೆಯಲ್ಲ" ಅಂದರು. ಮಾವ ಜಗಳಕ್ಕೆ ಹೋಗಲಿಲ್ಲ. ಈಗ ಕೀಬೋರ್ಡಿನ ಪಕ್ಕ ಕೆಂಪು ರಟ್ಟಿನ ಉದ್ದ ಪುಸ್ತಕ ಮತ್ತೆ ಬಂದಿದೆ. ಸಾಲವನ್ನು ಮೊದಲು ಅದರಲ್ಲಿ ಪೆನ್ನಿನಿಂದ ಬರೆದು, ಆಮೇಲೆ ಆಪಿಗೆ ಹಾಕ್ತಾರೆ. ಮೊನ್ನೆ ಊರಿಗೆ ಹೋದಾಗ ನೋಡಿದೆ. ಬೇಡ ಮಾವ, ಈಗ ಸರಿಯಾಗಿದೆ ಅನ್ನೋಕೆ ಬಾಯಿ ಬರಲಿಲ್ಲ.