ಜಾತಿಯ ಲೆಕ್ಕವೇ ಸಮಾಜ ನಿರ್ಮಾಣವೇ?

ಚುನಾವಣೆ ಸಮೀಪಿಸಿದಾಗಲೆಲ್ಲ ‘ಸೋಷಿಯಲ್ ಎಂಜಿನಿಯರಿಂಗ್’ ಎಂಬ ಮಾತು ಕೇಳಿಬರುತ್ತದೆ. ಯಾವ ಜಾತಿಗೆ ಎಷ್ಟು ಮತ, ಯಾರಿಗೆ ಟಿಕೆಟ್ಟು, ಯಾರನ್ನು ಯಾರೊಡನೆ ಜೋಡಿಸಿದರೆ ಗೆಲುವು ಎಂಬಷ್ಟಕ್ಕೇ ಅದರ ಅರ್ಥ ಕುಗ್ಗಿದೆ. ಅಮೆರಿಕದ ನ್ಯಾಯಶಾಸ್ತ್ರಜ್ಞ ರಾಸ್ಕೋ ಪೌಂಡ್ ಈ ಶಬ್ದವನ್ನು ಬಳಸಿದ ಉದ್ದೇಶ ಬೇರೆ. ಪರಸ್ಪರ ವಿರುದ್ಧವಾದ ಹಿತಗಳನ್ನು ಆದಷ್ಟು ಕಡಿಮೆ ಘರ್ಷಣೆಯಿಂದ ಹೊಂದಿಸುವುದು ಕಾನೂನಿನ ಕಾರ್ಯವೆಂದು ಆತ ಬಗೆದಿದ್ದನು.

ರಾಯಚೂರು ಜಿಲ್ಲೆಯಲ್ಲಿ ಎರಡೂ ಅರ್ಥಗಳನ್ನು ಕಾಣಬಹುದು. 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಸಿಂಧನೂರು ಸಾಮಾನ್ಯ ಕ್ಷೇತ್ರವಾಗಿದೆ. ಶತಮಾನಗಳ ಕಾಲ ಹೊರಗಿಡಲ್ಪಟ್ಟವರನ್ನು ಶಾಸನಸಭೆಗೆ ಕರೆತರುವ ಈ ಏರ್ಪಾಡು ಯೋಗ್ಯವಾದುದೇ. ಆದರೆ 2021ರ ಏಪ್ರಿಲ್‌ನಲ್ಲಿ ಮಸ್ಕಿಗೆ ಉಪಚುನಾವಣೆ ಬಂದಾಗ ರೈತರು ಕೇಳುತ್ತಿದ್ದುದು ನಾರಾಯಣಪುರ ಬಲದಂಡೆಯ 5ಎ ಕಾಲುವೆಯ ನೀರನ್ನು. ಜಾತಿಯನ್ನು ಎಷ್ಟು ಕೂಡಿಸಿ ಕಳೆದರೂ ಒಣಹೊಲಕ್ಕೆ ಹನಿ ನೀರು ಹರಿಯದು. ಮತಕ್ಕಾಗಿ ಮಾತ್ರ ಮನುಷ್ಯನನ್ನು ಎಣಿಸುವುದು ಆತನಿಗೆ ಮಾಡುವ ಅವಮಾನ.

ಅದೇ ಮಸ್ಕಿಯ ಬಂಡೆ ಬೇರೆ ಪಾಠ ಹೇಳುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಗುರುತಿಸಿದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಉನ್ನತ ಪದವಿ ದೊಡ್ಡವರ ಸ್ವತ್ತಲ್ಲ, ಧರ್ಮದಲ್ಲಿ ನಿರತನಾದ ಅಲ್ಪನಿಗೂ ಅದು ದೊರೆಯುತ್ತದೆ ಎಂಬುದು ಅದರ ಆಶಯ. ಅಶೋಕನು ಬೌದ್ಧ ಉಪಾಸಕ. ಆದರೂ ಆ ಮಾತಿನಲ್ಲಿ ಜೈನರಿಗೆ ಅಪರಿಚಿತವಾದುದೇನೂ ಇಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕುಲಮದ, ಜಾತಿಮದಗಳನ್ನು ಅಷ್ಟಮದಗಳಲ್ಲಿ ಎಣಿಸಿದ್ದಾರೆ. ಸಮ್ಯಗ್ದರ್ಶನವುಳ್ಳವನು ಚಾಂಡಾಲಕುಲದಲ್ಲಿ ಜನಿಸಿದ್ದರೂ ಆತನನ್ನು ದೇವತುಲ್ಯನೆಂದು ಭಾವಿಸಿದ್ದಾರೆ.

ಇದು ರಾಜಕಾರಣದ ವಿಷಯ, ಬಸದಿಗೆ ಸಂಬಂಧವಿಲ್ಲ ಎನ್ನುವವರಿದ್ದಾರೆ. ಸಂಬಂಧವುಂಟು. ಪೂಜೆಯ ವೇಳೆ ಮದವನ್ನು ತ್ಯಜಿಸಬೇಕೆಂದು ಉಪದೇಶ ಕೇಳಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮೊದಲು ಕುಲವನ್ನೇ ನೋಡುವ ಟ್ರಸ್ಟು ಚುನಾವಣಾ ಲೆಕ್ಕಿಗನನ್ನು ದೂರುವ ಅಧಿಕಾರ ಕಳೆದುಕೊಳ್ಳುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದಲ್ಲಿ ಔಷಧಕ್ಕೂ ಅಭಯಕ್ಕೂ ಜಾತಿ ಎಲ್ಲಿಯದು? ಬಸದಿಯ ಬಾಗಿಲಲ್ಲಿ ನಿಂತ ರೋಗಿಗೆ ಔಷಧವನ್ನೂ ಬಡ ಮಗುವಿಗೆ ಪುಸ್ತಕವನ್ನೂ ಕುಲ ಕೇಳದೆ ಕೊಡುವುದೇ ಶ್ರಾವಕನು ಮಾಡಬಹುದಾದ ನಿಜವಾದ ಸಮಾಜ ನಿರ್ಮಾಣ. ಅದಕ್ಕೆ ಚುನಾವಣೆಯನ್ನು ಕಾಯಬೇಕಾಗಿಲ್ಲ. ಟ್ರಸ್ಟಿನ ಮುಂದಿನ ಸಭೆಯ ಒಂದು ನಿರ್ಣಯ ಸಾಕು.